ಅಗ್ರಿಮೆಂಟ್ ಎಂಬ ಪದ ಗಿರ್ಮಿಟ್ ಆದ ಕಥೆ

ನಮ್ಮ ಕಡೆ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಇಂಗ್ಲಿಷ್ ಪದಗಳಲ್ಲಿ 'ಅಗ್ರಿಮೆಂಟ್' ಒಂದು. ಹೊಲ ಲಾವಣಿಗೆ ಕೊಟ್ಟರೆ ಅಗ್ರಿಮೆಂಟ್. ಸೈಟಿಗೆ ಮುಂಗಡ ಕೊಟ್ಟರೆ ಅಗ್ರಿಮೆಂಟ್. ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದರೆ ಅಗ್ರಿಮೆಂಟ್. ಕಾಗದದ ಮೇಲೆ 'ಕರಾರು ಪತ್ರ' ಎಂದು ದಪ್ಪ ಅಕ್ಷರದಲ್ಲಿ ಟೈಪ್ ಆಗಿದ್ದರೂ ಬಾಯಲ್ಲಿ ಬರುವುದು ಅಗ್ರಿಮೆಂಟೇ. ತಾಲೂಕು ಕಚೇರಿಯ ಮುಂದೆ ಟೈಪಿಂಗ್ ಅಂಗಡಿ ಇಟ್ಟವರಿಗೆ ಇದೇ ಅನ್ನ.

ಪದ ಎಷ್ಟು ಬಳಕೆಯಾಗಿದೆಯೋ ಅದರ ಅರ್ಥ ಅಷ್ಟೇ ಸಡಿಲವಾಗಿದೆ. 'ಜಮೀನು ಅಗ್ರಿಮೆಂಟ್ ಆಗಿದೆ' ಎಂದರೆ ಜಮೀನು ನಮ್ಮದಾಯಿತು ಎಂದು ತಿಳಿದವರು ಬಹಳ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮು ಹಾಗೆ ಹೇಳುವುದಿಲ್ಲ. ಮಾರುತ್ತೇನೆ ಎಂದು ಬರೆದುಕೊಟ್ಟ ಕರಾರಿನಿಂದಲೇ ಆ ಜಮೀನಿನ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ ಎನ್ನುತ್ತದೆ ಅದು. ಹಕ್ಕು ಬರುವುದು ಕ್ರಯಪತ್ರ ನೋಂದಣಿಯಾದಾಗ.

ಇರಲಿ, ನಾವು ಇವತ್ತು ಬರೆಯಲು ಹೊರಟದ್ದು ಜಮೀನಿನ ವ್ಯಾಜ್ಯ ಅಲ್ಲ. ಈ ಒಂದು ಪದ ಹಿಂದೆ ಹಡಗು ಹತ್ತಿ ಸಮುದ್ರ ದಾಟಿತ್ತು. ಓದು ಬರಹ ಬಾರದ ಲಕ್ಷಾಂತರ ಜನರ ನಾಲಿಗೆಯಲ್ಲಿ ಸವೆದು 'ಗಿರ್ಮಿಟ್' ಆಗಿತ್ತು. ಹುಬ್ಬಳ್ಳಿ ಧಾರವಾಡದ ಓದುಗರು ನಗಬೇಡಿ, ಇದು ಮಂಡಕ್ಕಿ ಗಿರ್ಮಿಟ್ ಅಲ್ಲ. ಹೆಸರು ಒಂದೇ, ಕಥೆ ಬೇರೆ.

ಮೊದಲು ಪದದ ಬೇರು ನೋಡೋಣ. 'ಅಗ್ರಿ' ಎಂಬ ಕ್ರಿಯಾಪದ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅದರ ಹಿಂದೆ ಇರುವುದು 'ಹಿತವಾದ, ಮೆಚ್ಚುಗೆಯ' ಎಂಬ ಅರ್ಥದ ಲ್ಯಾಟಿನ್ ಪದ. ಮನಸ್ಸಿಗೆ ಹಿತವಾದದ್ದನ್ನು ಒಪ್ಪುವುದು ಎಂಬುದು ಮೂಲ ಭಾವ. ನಮ್ಮ 'ಒಪ್ಪು' ಕೂಡ ಇದೇ ದಾರಿಯಲ್ಲಿದೆ. ಒಪ್ಪು ಎಂದರೆ ಸಮ್ಮತಿಸು, ಒಪ್ಪು ಎಂದರೆ ಚೆನ್ನಾಗಿ ಕಾಣು. ಹಳೆಯ ಶಾಸನಗಳಲ್ಲಿ, ಪತ್ರಗಳಲ್ಲಿ 'ಒಪ್ಪ' ಎಂದರೆ ಸಹಿ. ಒಪ್ಪಂದ ಇಲ್ಲಿಂದಲೇ ಬಂತು. 'ಕರಾರು' ಮಾತ್ರ ಹೊರಗಿನದು, ಅರಬ್ಬಿ ಮೂಲದ್ದು, ಪಾರಸಿ ಆಡಳಿತದ ಕಾಲದಲ್ಲಿ ನಮ್ಮ ಕಂದಾಯ ಕಚೇರಿಗಳಲ್ಲಿ ನೆಲೆಯಾಯಿತು.

ಬ್ರಿಟಿಷರು 1872ರಲ್ಲಿ ಭಾರತಕ್ಕೆಂದು ಒಪ್ಪಂದಗಳ ಕಾಯ್ದೆ ತಂದರು. ಇವತ್ತಿಗೂ ನಮ್ಮನ್ನು ಆಳುತ್ತಿರುವ ಕಾಯ್ದೆ ಅದೇ. ಅದರಲ್ಲಿ ಅಗ್ರಿಮೆಂಟ್ ಬೇರೆ, ಕಾಂಟ್ರಾಕ್ಟ್ ಬೇರೆ. ಕಾನೂನು ಜಾರಿ ಮಾಡಿಸಬಲ್ಲ ಅಗ್ರಿಮೆಂಟ್ ಮಾತ್ರ ಕಾಂಟ್ರಾಕ್ಟ್. 13ನೇ ಕಲಮು ಇನ್ನೂ ಚಂದ: ಎರಡೂ ಕಡೆಯವರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ತಿಳಿದು ಒಪ್ಪಿದರೆ ಮಾತ್ರ ಅದು ಸಮ್ಮತಿ. ಒಬ್ಬ ಒಂದು ತಿಳಿದು ಇನ್ನೊಬ್ಬ ಇನ್ನೊಂದು ತಿಳಿದು ಹೆಬ್ಬೆಟ್ಟು ಒತ್ತಿದರೆ ಅದು ಸಮ್ಮತಿಯೇ ಅಲ್ಲ.

ಈ ಸಾಲನ್ನು ನೆನಪಿಟ್ಟುಕೊಳ್ಳಿ. ಏಕೆಂದರೆ ಇದನ್ನು ಬರೆದ ಸರ್ಕಾರದ ಕಣ್ಣೆದುರೇ, ಅದೇ ಕಾಲದಲ್ಲಿ, ಮುಂದಿನದೆಲ್ಲ ನಡೆಯಿತು.

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು 1833ರಲ್ಲಿ ಬಂದು 1834ರ ಆಗಸ್ಟ್ 1ರಿಂದ ಜಾರಿಯಾಯಿತು. ಗುಲಾಮರು ಹೋದರೆ ಕಬ್ಬು ಕಡಿಯುವವರು ಯಾರು? ಸಕ್ಕರೆ ತೋಟದ ಮಾಲೀಕರು ಭಾರತದ ಕಡೆ ನೋಡಿದರು. ಅದೇ ವರ್ಷ ನವೆಂಬರ್ 2ರಂದು 'ಅಟ್ಲಾಸ್' ಎಂಬ ಹಡಗು ಕಲ್ಕತ್ತದಿಂದ 36 ಕೂಲಿಗಳನ್ನು ಹೊತ್ತು ಮಾರಿಷಸ್ ತಲುಪಿತು. ಆಮೇಲೆ ಗಯಾನಾ, ಟ್ರಿನಿಡಾಡ್, 1860ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್, 1879ರಲ್ಲಿ ಫಿಜಿ. ಎಂಬತ್ತು ಚಿಲ್ಲರೆ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಹೀಗೆ ಹೋದರು.

ಈ ವ್ಯವಸ್ಥೆಗೆ ಇಂಗ್ಲಿಷಿನಲ್ಲಿ 'ಇಂಡೆಂಚರ್' ಎಂದು ಹೆಸರು. ಈ ಪದದೊಳಗೆ ಹಲ್ಲಿದೆ! ಹಳೆಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಒಂದೇ ಚರ್ಮದ ಹಾಳೆಯ ಮೇಲೆ ಒಪ್ಪಂದವನ್ನು ಎರಡು ಸಲ ಬರೆದು, ನಡುವೆ ಹಲ್ಲು ಹಲ್ಲಾಗಿ ಕತ್ತರಿಸುತ್ತಿದ್ದರು. ಒಂದು ತುಂಡು ಇವನಿಗೆ, ಇನ್ನೊಂದು ಅವನಿಗೆ. ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡುವುದು. ಹಲ್ಲಿಗೆ ಹಲ್ಲು ಕೂಡಿದರೆ ಪತ್ರ ಅಸಲಿ, ಕೂಡದಿದ್ದರೆ ನಕಲಿ. ಹಲ್ಲಿಗೆ ಇರುವ ಲ್ಯಾಟಿನ್ ಪದ ಮತ್ತು ನಮ್ಮ ಸಂಸ್ಕೃತದ 'ದಂತ' ಒಂದೇ ಬಳ್ಳಿಯವು. ಇಬ್ಬರ ಕೈಯಲ್ಲೂ ಸಮನಾದ ಕಾಗದ ಇರಬೇಕು ಎಂಬುದು ಆ ಪದ್ಧತಿಯ ಜೀವ.

ಕೂಲಿಗಳಿಗೆ 'ಇಂಡೆಂಚರ್' ಬಾಯಿಗೆ ಬರಲಿಲ್ಲ. ಅವರಿಗೆ ಕೇಳಿಸಿದ್ದು 'ಅಗ್ರಿಮೆಂಟ್'. ಮೊದಲ ಅಕ್ಷರ ಬಿದ್ದುಹೋಯಿತು, ಉಳಿದದ್ದು 'ಗಿರ್ಮಿಟ್'. ಗಿರ್ಮಿಟ್ ಮೇಲೆ ಹೋದವನು 'ಗಿರ್ಮಿಟಿಯಾ'. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಈ ಪದ ಹುಟ್ಟಿದ ಬಗೆಯನ್ನು ವಿವರಿಸಿದ್ದಾರೆ. ಕ್ರಮೇಣ ಗಿರ್ಮಿಟ್ ಎಂದರೆ ಕಾಗದ ಮಾತ್ರ ಆಗಿ ಉಳಿಯಲಿಲ್ಲ. ಆ ಐದು ವರ್ಷಗಳ ಬದುಕಿಗೇ ಅದು ಹೆಸರಾಯಿತು. 'ನನ್ನ ಗಿರ್ಮಿಟ್ ಮುಗಿಯಿತು' ಎಂದರೆ ಶಿಕ್ಷೆ ಮುಗಿದ ಹಾಗೆ.

ಫಿಜಿಗೆ ಹೋದವರ ಕಾಗದದಲ್ಲಿ ಏನಿತ್ತು? ಷರತ್ತುಗಳು ದಾಖಲೆಯಲ್ಲಿ ಉಳಿದಿವೆ. ಐದು ವರ್ಷ ದುಡಿಯಬೇಕು. ವಾರದಲ್ಲಿ ಐದು ದಿನ ದಿನಕ್ಕೆ 9 ಗಂಟೆ, ಶನಿವಾರ 5 ಗಂಟೆ. ಭಾನುವಾರ ರಜೆ. ಗಂಡಸಿಗೆ ದಿನಕ್ಕೆ ಒಂದು ಶಿಲ್ಲಿಂಗ್, ಅಂದರೆ ಆಗಿನ 12 ಆಣೆ. ಹೆಂಗಸಿಗೆ 9 ಪೆನ್ಸ್. ಇರಲು ಮನೆ ಪುಕ್ಕಟೆ, ಔಷಧೋಪಚಾರ ಪುಕ್ಕಟೆ. ಮೊದಲ ಆರು ತಿಂಗಳು ರೇಷನ್ನನ್ನು ಮಾಲೀಕನೇ ಕೊಟ್ಟು ಕೂಲಿಯಲ್ಲಿ ಮುರಿದುಕೊಳ್ಳುವುದು. ಐದು ವರ್ಷದ ನಂತರ ಊರಿಗೆ ಹೋಗಬೇಕೆಂದರೆ ಸ್ವಂತ ಖರ್ಚು. ಹತ್ತು ವರ್ಷ ಇದ್ದರೆ ಹಡಗಿನ ಟಿಕೆಟ್ ಸರ್ಕಾರದ್ದು.

ಬರದ ಊರಿನಲ್ಲಿ ಕುಳಿತು ಇದನ್ನು ಕೇಳಿ ನೋಡಿ. ದಿನಕ್ಕೆ 12 ಆಣೆ! ಆಗಿನ ಹಳ್ಳಿಯ ಕೂಲಿಗಿಂತ ಹಲವು ಪಟ್ಟು. ಯಾರಾದರೂ ಬೇಡ ಅಂದಾರೆಯೇ?

ತಿರುವು ಇದ್ದದ್ದು 'ಟಾಸ್ಕ್' ಎಂಬ ಇನ್ನೊಂದು ಪದದಲ್ಲಿ. ದಿನಗೂಲಿ ಬದಲು ಗುತ್ತಿಗೆ ಅಳತೆಯ ಕೆಲಸ ಕೊಡುವ ಅಧಿಕಾರ ಮಾಲೀಕನಿಗಿತ್ತು. ಒಂದು ಟಾಸ್ಕ್ ಎಂದರೆ ಗಟ್ಟಿಮುಟ್ಟಾದ ಆಳು ಆರು ಗಂಟೆ ಬಿಡದೆ ದುಡಿದರೆ ಮುಗಿಯುವಷ್ಟು ಕೆಲಸ ಎಂದು ಬರೆದಿತ್ತು. ಆದರೆ ಎಷ್ಟು ಸಾಲು ಕಬ್ಬು, ಎಷ್ಟು ಅಳತೆಯ ಅಗೆತ ಎಂದು ಗೆರೆ ಎಳೆಯುವವನು ತೋಟದ ಓವರ್‌ಸಿಯರ್. ಅವನು ತನ್ನ ಅತ್ಯಂತ ಬಲಿಷ್ಠ ಆಳನ್ನು ನೋಡಿ ಗೆರೆ ಎಳೆದರೆ ಉಳಿದವರು ಸಂಜೆಯವರೆಗೂ ಅಗೆದು ಸಾಯಬೇಕು. ಟಾಸ್ಕ್ ಮುಗಿಯದಿದ್ದರೆ ಶಿಲ್ಲಿಂಗ್ ಪೂರ್ತಿ ಸಿಗುತ್ತಿರಲಿಲ್ಲ. ಅಳೆಯುವ ಕೋಲು ಯಾರ ಕೈಯಲ್ಲಿರುತ್ತದೋ ಕರಾರು ಅವನದೇ ಎಂಬುದು ಕೂಲಿ ಮಾಡಿದ ಯಾರಿಗಾದರೂ ಗೊತ್ತು.

ಪುಕ್ಕಟೆ ಮನೆ ಎಂದರೆ 'ಲೈನ್'. ಹತ್ತು ಅಡಿ ಉದ್ದ, ಏಳು ಅಡಿ ಅಗಲದ ಕೋಣೆ. ಅದರಲ್ಲಿ ಮೂವರು ಒಂಟಿ ಗಂಡಸರು, ಇಲ್ಲವೇ ಗಂಡ ಹೆಂಡತಿ ಮಕ್ಕಳು. ಅಡುಗೆಯೂ ಅಲ್ಲೇ. ನಡುವಿನ ಗೋಡೆ ಚಾವಣಿಯವರೆಗೆ ಮುಟ್ಟುತ್ತಿರಲಿಲ್ಲ, ಹಾಗಾಗಿ ಒಂದು ಕೋಣೆಯ ಮಾತು ಇಡೀ ಸಾಲಿಗೆ ಕೇಳುತ್ತಿತ್ತು. ಗಿರ್ಮಿಟಿಯಾಗಳು ಇದಕ್ಕೆ ಇಟ್ಟ ಹೆಸರು 'ನರಕ್'. ಇದಕ್ಕೆ ಕನ್ನಡ ಅರ್ಥ ಬರೆಯಬೇಕಿಲ್ಲ.

ಈ ಕಾಗದಕ್ಕೆ ಜನ ಒಪ್ಪಿದ್ದು ಹೇಗೆ? ಏಜೆಂಟರಿಗೆ ತಲೆಗಿಷ್ಟು ಎಂದು ಕಮಿಷನ್. 100 ಗಂಡಸರಿಗೆ 40 ಹೆಂಗಸರು ಹೋಗಲೇಬೇಕು ಎಂಬ ನಿಯಮ ಇದ್ದುದರಿಂದ ಹೆಂಗಸರನ್ನು ತಂದರೆ ಕಮಿಷನ್ ಜಾಸ್ತಿ. ಜಾತ್ರೆ, ರೈಲು ನಿಲ್ದಾಣ, ತೀರ್ಥಕ್ಷೇತ್ರಗಳಲ್ಲಿ ಒಬ್ಬಂಟಿಯಾಗಿ ಕಂಡವರನ್ನು ಮಾತಾಡಿಸಿ ಡಿಪೋಗೆ ಕರೆತರುತ್ತಿದ್ದರು. ಎಲ್ಲರೂ ಮೋಸ ಹೋಗಿಯೇ ಹೋದರು ಎನ್ನಲಾಗದು. ಬರ, ಸಾಲ, ಮನೆಯ ಜಗಳ, ವಿಧವೆಯ ಬದುಕು ಇವುಗಳಿಂದ ತಪ್ಪಿಸಿಕೊಳ್ಳಲು ಕಣ್ಣು ತೆರೆದೇ ಹೊರಟವರೂ ಇದ್ದರು. ಆದರೆ ಕಣ್ಣು ತೆರೆದು ಹೋದವರಿಗೂ ಕಾಗದದ ಒಳಗು ತಿಳಿದಿರಲಿಲ್ಲ.

ಕಾನೂನಿನ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಷರತ್ತು ತಿಳಿಸಿ, 'ಒಪ್ಪಿದ್ದೀಯಾ' ಎಂದು ಕೇಳಬೇಕಿತ್ತು. ಅದು ಹೇಗೆ ನಡೆಯುತ್ತಿತ್ತು ಎಂಬುದನ್ನು ತೋತಾರಾಮ್ ಸನಾಢ್ಯ ಬರೆದಿಟ್ಟಿದ್ದಾರೆ. ಉತ್ತರ ಪ್ರದೇಶದ ಫಿರೋಜಾಬಾದ್ ಕಡೆಯ ಬಡ ಹುಡುಗ, 1893ರಲ್ಲಿ ಗಿರ್ಮಿಟ್ ಮೇಲೆ ಫಿಜಿಗೆ ಹೋದವರು, 21 ವರ್ಷ ಅಲ್ಲಿದ್ದು 1914ರಲ್ಲಿ ಹಿಂದಿರುಗಿ ಹಿಂದಿಯಲ್ಲಿ ತಮ್ಮ ಕಥೆ ಪ್ರಕಟಿಸಿದರು. ಸಾಹೇಬರು ಏನು ಕೇಳಿದರೂ 'ಹೌದು' ಎನ್ನಿ ಎಂದು ಏಜೆಂಟ್ ಮೊದಲೇ ಹೇಳಿಕೊಟ್ಟಿದ್ದ. ನೂರಕ್ಕೂ ಹೆಚ್ಚು ಜನರ ನೋಂದಣಿ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಒಂದೇ ಅರ್ಥದಲ್ಲಿ ತಿಳಿದು ಒಪ್ಪುವುದು ಎಂದು ಕಾಯ್ದೆಯಲ್ಲಿ ಬರೆದದ್ದು ಹೀಗೆ ಜಾರಿಯಾಗುತ್ತಿತ್ತು.

ಈಗ ಮುಖ್ಯ ವಿಷಯ. ಆ ಅಗ್ರಿಮೆಂಟಿನಲ್ಲಿ ಕೂಲಿ, ಗಂಟೆ, ಅಕ್ಕಿ, ಬೇಳೆ ಎಲ್ಲ ಇತ್ತು. ಒಂದು ಮಾತು ಮಾತ್ರ ಇರಲಿಲ್ಲ. ಅದು ಜೈಲು.

ಕೆಲಸಕ್ಕೆ ಬಾರದಿದ್ದರೆ, ಟಾಸ್ಕ್ ಮುಗಿಸದಿದ್ದರೆ, ಅನುಮತಿ ಇಲ್ಲದೆ ತೋಟ ಬಿಟ್ಟರೆ ಫಿಜಿಯ ಕಾನೂನಿನಲ್ಲಿ ಅದು ಅಪರಾಧ. ದಂಡ, ಇಲ್ಲವೇ ಜೈಲು. ತಪ್ಪಿಸಿಕೊಂಡ ದಿನಗಳನ್ನು ಐದು ವರ್ಷದ ಲೆಕ್ಕಕ್ಕೆ ಮತ್ತೆ ಸೇರಿಸಲೂ ಅವಕಾಶವಿತ್ತು. ಭಾರತದಲ್ಲಿ ಹೆಬ್ಬೆಟ್ಟು ಒತ್ತುವಾಗ ತೋರಿಸಿದ ಕಾಗದದಲ್ಲಿ ಈ ಶಿಕ್ಷೆಗಳ ಸುಳಿವೇ ಇರಲಿಲ್ಲ.

ನಾವು ಯಾರಿಗಾದರೂ ದುಡ್ಡು ಕೊಡಬೇಕಿದ್ದು ಕೊಡದಿದ್ದರೆ, ಮಾತು ಕೊಟ್ಟ ಕೆಲಸ ಮಾಡದಿದ್ದರೆ, ಅವರು ಸಿವಿಲ್ ಕೋರ್ಟಿಗೆ ಹೋಗುತ್ತಾರೆ. ಪರಿಹಾರ ಕೇಳುತ್ತಾರೆ. ಪೊಲೀಸರು ಬಂದು ಹಿಡಿದೊಯ್ಯುವುದಿಲ್ಲ. ಮಾಮೂಲಿ ಕರಾರಿಗೂ ಗಿರ್ಮಿಟಿಗೂ ಇದ್ದ ವ್ಯತ್ಯಾಸ ಇದೇ. ನಟಾಲಿನಲ್ಲಿ 1894ರಲ್ಲಿ ಬಾಲಸುಂದರಂ ಎಂಬ ತಮಿಳು ಕೂಲಿ ಹರಿದ ಬಟ್ಟೆಯಲ್ಲಿ, ಮುಂಡಾಸು ಕೈಯಲ್ಲಿ ಹಿಡಿದು, ಯುವ ವಕೀಲ ಗಾಂಧಿಯ ಕಚೇರಿಗೆ ಬಂದ. ಧಣಿ ಹೊಡೆದು ಮುಂದಿನ ಎರಡು ಹಲ್ಲು ಮುರಿದಿದ್ದ, ಬಾಯಿಂದ ರಕ್ತ ಸುರಿಯುತ್ತಿತ್ತು. ಗಾಂಧಿ ಡಾಕ್ಟರಿಂದ ಸರ್ಟಿಫಿಕೇಟ್ ಬರೆಸಿ ಮ್ಯಾಜಿಸ್ಟ್ರೇಟರ ಬಳಿ ಕರೆದೊಯ್ದರು. ಆದರೆ ಕಾನೂನು ಓದಿದರೆ ದಾರಿ ಬಹಳ ಕಿರಿದು. ಸಾಮಾನ್ಯ ಆಳು ಹೇಳದೆ ಕೆಲಸ ಬಿಟ್ಟರೆ ಧಣಿ ಸಿವಿಲ್ ದಾವೆ ಹೂಡಬಹುದು. ಗಿರ್ಮಿಟಿಯಾ ಬಿಟ್ಟರೆ ಕ್ರಿಮಿನಲ್ ಕೋರ್ಟು, ಜೈಲು. ಹಾಗಾಗಿ ಹಲ್ಲು ಮುರಿಸಿಕೊಂಡವನಿಗೂ ಬಿಡುಗಡೆ ಸಿಗಲಿಲ್ಲ. ಅವನ ಗಿರ್ಮಿಟನ್ನು ಇನ್ನೊಬ್ಬ ಧಣಿಗೆ ವರ್ಗಾಯಿಸಲಾಯಿತು, ಅಷ್ಟೇ. ಗಾಂಧಿಯವರೇ ಹುಡುಕಿ ಸ್ವಲ್ಪ ಒಳ್ಳೆಯ ಧಣಿಯನ್ನು ಗೊತ್ತು ಮಾಡಿದರು.

ಇದೆಲ್ಲ ದೂರದ ದ್ವೀಪಗಳ ಮಾತು ಎಂದುಕೊಳ್ಳಬೇಡಿ. ಅಟ್ಲಾಸ್ ಹಡಗು ಮಾರಿಷಸ್ ಮುಟ್ಟಿದ 1834ರಲ್ಲೇ ಕೊಡಗು ಬ್ರಿಟಿಷರ ಕೈ ಸೇರಿತ್ತು. 1850ರ ದಶಕದಿಂದ ಅಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಎದ್ದವು. ಕೆಲಸಕ್ಕೆ ಮೈಸೂರಿನ ಬಯಲುಸೀಮೆಯಿಂದ, ದಕ್ಷಿಣ ಕನ್ನಡದಿಂದ ಜನ ಘಟ್ಟ ಹತ್ತಿ ಬರಬೇಕು. ತೋಟದ ಸಾಹೇಬ ಮೇಸ್ತ್ರಿಗೆ ದುಡ್ಡು ಕೊಡುವನು, ಮೇಸ್ತ್ರಿ ಹಳ್ಳಿಗಳಲ್ಲಿ ಮುಂಗಡ ಹಂಚಿ ಆಳು ಕೂಡಿಸುವನು.

ಮುಂಗಡ ಪಡೆದವನು ಬಾರದಿದ್ದರೆ? ಅದಕ್ಕೂ ಕಾನೂನು ಇತ್ತು. 1859ರ 13ನೇ ಕಾಯ್ದೆ, ಕೆಲಸಗಾರರ ಕರಾರು ಭಂಗದ ಕಾಯ್ದೆ. ಮೊದಲು ಕಲ್ಕತ್ತ, ಮದರಾಸು, ಬೊಂಬಾಯಿ ಪಟ್ಟಣಗಳಿಗೆಂದು ಬಂದದ್ದು, ಆಮೇಲೆ ಬೇರೆ ಕಡೆಗೂ ಹಬ್ಬಿ ಕೊಡಗಿನ ತೋಟಗಳಿಗೂ ತಲುಪಿತು. ಮುಂಗಡ ತಗೊಂಡು ಕೆಲಸ ಮಾಡದವನನ್ನು ಮ್ಯಾಜಿಸ್ಟ್ರೇಟರ ಮುಂದೆ ತರಬಹುದು. ದುಡ್ಡು ವಾಪಸ್ ಕೊಡು ಅಥವಾ ಕೆಲಸ ಮಾಡಿ ತೀರಿಸು ಎಂದು ಆಜ್ಞೆಯಾಗುತ್ತದೆ. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಶಿಕ್ಷೆ. ಕೂಲಿ ಕೊಡದ ಧಣಿಗೆ ಈ ಕಾಯ್ದೆಯಲ್ಲಿ ಇದೇ ರೀತಿಯ ಜೈಲು ಇರಲಿಲ್ಲ. ಈ ಕಾಯ್ದೆ 1925ರ ಕಾನೂನಿನಿಂದ ರದ್ದಾದಾಗಲೂ ಕೊಡಗಿನಲ್ಲಿ 1926ರಲ್ಲಿ ಪ್ರತ್ಯೇಕ ಕೂಲಿ ಕಾಯ್ದೆ ತಂದು ಅದೇ ಪದ್ಧತಿಯನ್ನು ಇನ್ನೂ ಕೆಲವು ವರ್ಷ ಎಳೆದರು.

ಘಟ್ಟದ ಮೇಲಿನ ಮುಂಗಡಕ್ಕೂ ಫಿಜಿಯ ಗಿರ್ಮಿಟಿಗೂ ಹೆಸರು ಬೇರೆ, ಬೀಗದ ಕೈ ಒಂದೇ. ಇವತ್ತು ಕಬ್ಬು ಕಡಿಯುವ ಗ್ಯಾಂಗಿಗೆ, ಇಟ್ಟಿಗೆ ಭಟ್ಟಿಗೆ ಮುಂಗಡ ಪಡೆದು ಹೋಗುವವರು ಒಂದು ವಿಷಯ ತಿಳಿದಿರುವುದು ಒಳ್ಳೆಯದು. 1976ರ ಜೀತ ಪದ್ಧತಿ ರದ್ದು ಕಾಯ್ದೆಯ 5ನೇ ಕಲಮಿನ ಪ್ರಕಾರ, ಸಾಲಕ್ಕಾಗಿ ಜೀತಕ್ಕೆ ಕಟ್ಟಿಹಾಕುವ ಯಾವುದೇ ಅಗ್ರಿಮೆಂಟ್ ಅಸಿಂಧು. ಅದು ಸ್ಟಾಂಪ್ ಪೇಪರಿನ ಮೇಲಿದ್ದರೂ ಅಷ್ಟೇ.

ಗಿರ್ಮಿಟ್ ನಿಂತದ್ದು ಹೇಗೆ ಎಂಬುದರಲ್ಲಿ ಪತ್ರಿಕೆಗಳ ಪಾಲು ದೊಡ್ಡದು, ನಮ್ಮಂಥ ವರದಿಗಾರರಿಗೆ ಅದು ಹೆಮ್ಮೆಯ ಅಧ್ಯಾಯ. ಗೋಪಾಲಕೃಷ್ಣ ಗೋಖಲೆ 1910ರಲ್ಲಿ ನಟಾಲಿಗೆ ಕೂಲಿ ಕಳಿಸುವುದನ್ನು ನಿಲ್ಲಿಸಲು ಶಾಸನ ಸಭೆಯಲ್ಲಿ ಠರಾವು ಮಂಡಿಸಿ ಗೆದ್ದರು. 1912ರಲ್ಲಿ ಇಡೀ ಪದ್ಧತಿಯೇ ಹೋಗಲಿ ಎಂದಾಗ ಸೋತರು. ಜನಸಾಮಾನ್ಯರ ಸಿಟ್ಟು ಎದ್ದದ್ದು ಮರುವರ್ಷ. ಫಿಜಿಯ ತೋಟವೊಂದರಲ್ಲಿ ಕುಂತಿ ಎಂಬ ಹೆಣ್ಣುಮಗಳನ್ನು ಯಾರೂ ಇಲ್ಲದ ಬಾಳೆತೋಟಕ್ಕೆ ಒಂಟಿಯಾಗಿ ಕೆಲಸಕ್ಕೆ ಕಳಿಸಲಾಗಿತ್ತು. ಓವರ್‌ಸಿಯರ್ ಮೈಮೇಲೆ ಬಂದಾಗ ಆಕೆ ನದಿಗೆ ಹಾರಿದಳು. ದೋಣಿಯಲ್ಲಿದ್ದ ಹುಡುಗನೊಬ್ಬ ಮೇಲೆತ್ತಿ ಬದುಕಿಸಿದ. ಆಕೆಯ ಹೇಳಿಕೆ 1913ರಲ್ಲಿ ಕಲ್ಕತ್ತದ 'ಭಾರತ ಮಿತ್ರ' ಪತ್ರಿಕೆಯಲ್ಲಿ ಅಚ್ಚಾಯಿತು. ಫಿಜಿ ಸರ್ಕಾರ ಸುಳ್ಳು ಎಂದಿತು. ಓದಿದವರು ನಂಬಲಿಲ್ಲ.

ಅಂಕಿಸಂಖ್ಯೆಗಳಿಗೆ ಕದಲದ ಸರ್ಕಾರ ಒಬ್ಬ ಕೂಲಿ ಹೆಂಗಸಿನ ಕೆಲವು ಸಾಲುಗಳಿಗೆ ಉತ್ತರ ಕೊಡಬೇಕಾಯಿತು. 1915ರಲ್ಲಿ ಸಿ.ಎಫ್. ಆಂಡ್ರ್ಯೂಸ್ ಮತ್ತು ಡಬ್ಲ್ಯು.ಡಬ್ಲ್ಯು. ಪಿಯರ್ಸನ್ ಫಿಜಿಗೆ ಹೋಗಿ, ಲೈನುಗಳನ್ನು ಸುತ್ತಿ ವರದಿ ಬರೆದರು. 1916ರಲ್ಲಿ ಮದನಮೋಹನ ಮಾಲವೀಯರು ಮತ್ತೆ ಠರಾವು ತಂದರು. 1917ರಲ್ಲಿ ಕೂಲಿ ಸಾಗಣೆ ನಿಂತಿತು. 1920ರ ಜನವರಿ 1ರಂದು ಫಿಜಿಯಲ್ಲಿ ಉಳಿದಿದ್ದ ಎಲ್ಲ ಗಿರ್ಮಿಟುಗಳೂ ರದ್ದಾದವು.

ಫಿಜಿಗೆ ಹೋದವರು ಒಟ್ಟು 60,000ಕ್ಕೂ ಹೆಚ್ಚು. ಮೊದಲು ಕಲ್ಕತ್ತದಿಂದ, 1903ರಿಂದ ಮದರಾಸಿನಿಂದಲೂ. ಅರ್ಧಕ್ಕಿಂತ ಹೆಚ್ಚು ಜನ ಅಲ್ಲೇ ಉಳಿದರು. ಮೊದಲ ಹಡಗು 'ಲಿಯೋನಿಡಾಸ್' ಬಂದ ಮೇ 14, 1879ರ ನೆನಪಿಗೆ ಫಿಜಿಯಲ್ಲಿ ಈಗ 'ಗಿರ್ಮಿಟ್ ದಿನ' ಇದೆ. 2023ರಿಂದ ಅದಕ್ಕೆ ಸರ್ಕಾರಿ ರಜೆ. ಬೈಗುಳದಂತೆ ಕೇಳುತ್ತಿದ್ದ ಪದ ಕ್ಯಾಲೆಂಡರಿನಲ್ಲಿ ಅಚ್ಚಾಗಿದೆ.

ಅಗ್ರಿಮೆಂಟಿನ ಜೊತೆ ಪ್ರತಿಯೊಬ್ಬರಿಗೂ ಒಂದು ವಲಸೆ ಪಾಸ್ ಇತ್ತು. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಮೈಮೇಲಿನ ಗಾಯದ ಗುರುತು, ಜಿಲ್ಲೆ, ಠಾಣೆ, ಊರು. ಓಡಿಹೋದರೆ ಹಿಡಿಯಲೆಂದು ಬರೆದಿಟ್ಟ ವಿವರ. ಇವತ್ತು ಮೊಮ್ಮಕ್ಕಳು, ಮರಿಮಕ್ಕಳು ಅದೇ ಪಾಸಿನ ನಕಲು ಹಿಡಿದು ಉತ್ತರ ಪ್ರದೇಶ, ಬಿಹಾರದ ಹಳ್ಳಿಗಳಿಗೆ ಬಂದು ಹಿರೀಕರ ಮನೆ ಹುಡುಕುತ್ತಾರೆ. ಜಿಲ್ಲೆ ಸಿಗುತ್ತದೆ, ಠಾಣೆಯೂ ಸಿಗುತ್ತದೆ. ಊರಿನ ಹೆಸರನ್ನು ಮಾತ್ರ ಅಂದಿನ ಗುಮಾಸ್ತ ತನಗೆ ಕೇಳಿಸಿದಂತೆ ಇಂಗ್ಲಿಷಿನಲ್ಲಿ ಗೀಚಿರುತ್ತಾನೆ. ಅದನ್ನು ಚಹಾದಂಗಡಿಯಲ್ಲಿ ನಾಲ್ಕೈದು ಬಗೆಯಲ್ಲಿ ಉಚ್ಚರಿಸಿ ಕೇಳುತ್ತಾರೆ, ಯಾರಾದರೂ ವಯಸ್ಸಾದವರು 'ಓ, ಆ ಊರಾ' ಎನ್ನುವವರೆಗೆ.